ಸೆಕೆಂಡ್ ಹ್ಯಾಂಡ್ ಪಿಕಪ್ ತಗೋಳೋ ಮುಂಚೆ: ಯಾವ ರಿಪೇರಿ ಜೇಬು ಸುಡುತ್ತೆ, ಯಾವುದು ಸುಡಲ್ಲ

ಹಳೇ ಪಿಕಪ್ ನೋಡೋಕೆ ಹೋದೋರು ಸುಮಾರು ಜನ ಮೊದ್ಲು ಬಾನೆಟ್ ಎತ್ತುತ್ತಾರೆ, ಇಂಜಿನ್ ಫಳಫಳ ಅಂತಿದ್ರೆ ಅಲ್ಲೇ ಅರ್ಧ ಮನಸ್ಸು ಮಾಡ್ಬಿಡ್ತಾರೆ. ನಂಗೆ ತೊಳೆದಿಟ್ಟ ಇಂಜಿನ್ ಕಂಡ್ರೆ ಅನುಮಾನನೇ ಜಾಸ್ತಿ, ಯಾಕಂದ್ರೆ ಆಯಿಲ್ ಎಲ್ಲಿ ಜಿನುಗ್ತಿತ್ತು ಅನ್ನೋ ಗುರುತೇ ಉಳಿದಿರಲ್ಲ. ಪಿಕಪ್ ಅಂದ್ರೆ ಲೋಡ್ ಹೊತ್ತು ಬಂದಿರೋ ಗಾಡಿ, ಅದ್ರ ಹಣೆಬರಹ ಇರೋದು ಕೆಳಗಡೆ. ಹಳೇ ಬಟ್ಟೆ ಹಾಕ್ಕೊಂಡ್ ಹೋಗಿ, ಒಂದು ಟಾರ್ಚು ಒಂದು ದಪ್ಪ ಸ್ಕ್ರೂಡ್ರೈವರ್ ಇಟ್ಕೊಳ್ಳಿ, ನಾಚ್ಕೊಳ್ದೆ ಮಲಗಿ ನುಗ್ಗಿ.

ಖರ್ಚಿನ ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಪಾರ್ಟ್ ಎಷ್ಟು ಅಂತ ಕೇಳೋಕಿಂತ ಆ ಪಾರ್ಟ್ ಹತ್ರ ಹೋಗೋಕೆ ಏನೇನು ಬಿಚ್ಚಬೇಕು ಅಂತ ಕೇಳಿ. ನಾನು ಇದನ್ನ ದುಡ್ಡು ಕೊಟ್ಟೇ ಕಲ್ತಿದ್ದು. ಮೊದಲ ಪಿಕಪ್ಪಿಗೆ ಕ್ಲಚ್ ಹಾಕಿಸ್ತಿದ್ದೆ, ಗೇರ್‌ಬಾಕ್ಸ್ ಇಳಿಸಿ ನೆಲದ ಮೇಲಿಟ್ಟಿದ್ರು, ಮೆಕ್ಯಾನಿಕ್ ಕರೆದು "ಸಾರ್, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಸ್ವಲ್ಪ ಒದ್ದೆ ಇದೆ, ಈಗ್ಲೇ ಹೊಸದು ಹಾಕ್ಬಿಡ್ಲಾ" ಅಂದ, ನಾನು ಸದ್ಯಕ್ಕೆ ಬೇಡ ಬಿಡಪ್ಪಾ ಅಂದೆ. ಒಂದು ರಬ್ಬರ್ ಸೀಲು, ಕ್ಲಚ್ ಸೆಟ್ಟಿನ ಮುಂದೆ ಅದ್ರ ರೇಟ್ ಏನೂ ಅಲ್ಲ. ಮೂರೇ ತಿಂಗಳಿಗೆ ಆ ಆಯಿಲ್ಲು ಹೊಸ ಕ್ಲಚ್ ಪ್ಲೇಟಿಗೆ ಸೋರಿ ಪ್ಲೇಟ್ ಜಾರೋಕೆ ಶುರುವಾಯ್ತು, ಮತ್ತೆ ಗೇರ್‌ಬಾಕ್ಸ್ ಇಳಿಸು, ಮತ್ತೆ ಅಷ್ಟೇ ಲೇಬರ್, ಜೊತೆಗೆ ಇನ್ನೊಂದು ಪ್ಲೇಟು. ಅದಕ್ಕೇ ಗೇರ್‌ಬಾಕ್ಸ್ ಇಳಿದ್ರೆ ಪ್ರೆಶರ್ ಪ್ಲೇಟು, ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಆ ಸೀಲು, ನಾಲ್ಕನ್ನೂ ಒಟ್ಟಿಗೆ ಮುಗಿಸ್ಬಿಡಿ. ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ ಅದುರು ತಡೆಯೋಕೆ ಒಳಗೆ ಸ್ಪ್ರಿಂಗ್ ಇಟ್ಟ ಎರಡು ಭಾಗದ ಫ್ಲೈವೀಲ್) ಇರೋ ಗಾಡಿ ಆದ್ರೆ ಅದ್ರ ರೇಟ್ ಮೊದ್ಲೇ ವಿಚಾರಿಸಿ, ಎಷ್ಟೋ ಸಲ ಪೂರ್ತಿ ಕ್ಲಚ್ ಸೆಟ್ಟಿಗಿಂತ ಅದೊಂದೇ ಜಾಸ್ತಿ ಆಗುತ್ತೆ.

ಕ್ಲಚ್ ಚೆಕ್ ಮಾಡೋದು ಸುಲಭ. ಮೂರನೇ ಅಥ್ವಾ ನಾಲ್ಕನೇ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ, ಇಂಜಿನ್ ಕೂಗು ಮಾತ್ರ ಏರಿ ಗಾಡಿ ಎಳೀತಿಲ್ಲ ಅಂದ್ರೆ ಕ್ಲಚ್ ಮುಗಿದಿದೆ.

ಈಗ ಕೆಳಗೆ. ಚಾಸಿಸ್, ಅಂದ್ರೆ ಗಾಡಿ ಪೂರ್ತಿ ಕೂತಿರೋ ಕಬ್ಬಿಣದ ಚೌಕಟ್ಟು, ಅದ್ರ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಕೊಂಡ್ ಹೋಗಿ, ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ತುಕ್ಕು ತಿಂದಿರೋದು ಸಪ್ಪೆಯಾಗಿ ದಬ್ ಅನ್ನುತ್ತೆ, ಅಲ್ಲಿ ತುದಿಯಿಂದ ಕೆರೆದ್ರೆ ಪದರ ಪದರ ಉದುರುತ್ತೆ. ಸ್ಪ್ರಿಂಗ್ ಕೂರೋ ಬ್ರಾಕೆಟ್ ಸುತ್ತ ಮುಖ್ಯವಾಗಿ ನೋಡಿ, ನೀರು ಕೆಸರು ನಿಲ್ಲೋದು ಅಲ್ಲೇ. ಹಳೇ ಗಾಡಿಗೆ ಕೆಳಗೆ ಮಾತ್ರ ಹೊಸ ಕಪ್ಪು ಪೇಂಟ್ ಬಳಿದಿದ್ರೆ ಯಾಕೆ ಬಳಿದ್ರು ಅಂತ ಕೇಳಿ, ಚಾಸಿಸ್ಸಿನ ತೊಲೆ ಮೇಲೆ ಅಡ್ಡಾದಿಡ್ಡಿ ವೆಲ್ಡಿಂಗ್ ಕಂಡ್ರಂತೂ ಟೀ ಕುಡಿದು ಎದ್ದು ಬನ್ನಿ. ಬೇರೆ ಏನ್ ಹೋದ್ರೂ ಹಾಕಿಸ್ಬಹುದು, ಚಾಸಿಸ್ ಕೊಳೆತ್ರೆ ಗಾಡಿನೇ ಇಲ್ಲ.

ಲೀಫ್ ಸ್ಪ್ರಿಂಗ್ ಪ್ಲೇಟು ಕ್ರ್ಯಾಕ್ ಇದ್ರೆ ಹೆಚ್ಚಾಗಿ ಗಾಡಿ ಒಂದು ಕಡೆ ವಾಲಿರುತ್ತೆ, ಸಮ ನೆಲದಲ್ಲಿ ನಿಲ್ಸಿ ಹಿಂದಿಂದ ನೋಡಿ. ಸ್ಪ್ರಿಂಗ್ ಪೂರ್ತಿ ಕುಸಿದಾಗ ಚಾಸಿಸ್ಸಿಗೆ ಬಡೀದಂಗೆ ತಡೆಯೋ ಬಂಪ್ ಸ್ಟಾಪ್ ರಬ್ಬರ್ ಜಜ್ಜಿ ಹೋಗಿದ್ರೆ ಓವರ್‌ಲೋಡಲ್ಲೇ ದುಡಿದಿದೆ ಅಂತ ಅರ್ಥ. ಪ್ಲೇಟು, ಬುಷ್ಷು, ಯು ಬೋಲ್ಟು ಎಲ್ಲಾ ಹೊರಗಡೆನೇ ಸಿಗೋ ಸಾಮಾನು, ಭಾರದ ಕೆಲಸ ಹೌದು ಆದ್ರೆ ಲೇಬರ್ ವಿಪರೀತ ಆಗಲ್ಲ.

ಗೇರ್ ಹಾಕಿ ಕ್ಲಚ್ ಬಿಡುವಾಗ ಕೆಳಗಿಂದ ಟಕ್ ಅಂದ್ರೆ ಮೊದ್ಲ ಅನುಮಾನ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿಂದ ಹಿಂದಿನ ಚಕ್ರದ ಕಡೆ ಹೋಗೋ ಉದ್ದ ರಾಡು) ಕೀಲಿನ ಕ್ರಾಸ್ ಮೇಲೆ, ಶಾಫ್ಟ್ ಕೈಯಲ್ಲಿ ಹಿಡಿದು ತಿರುವಿ ಅಲ್ಲಾಡ್ಸಿದ್ರೆ ಗೊತ್ತಾಗುತ್ತೆ, ಸಣ್ಣ ಖರ್ಚು. ಅದೇ ಹಿಂದಿನ ಆಕ್ಸಲ್ ಹೌಸಿಂಗಿಂದ ಗುಂಯ್ ಅಂತ ಬರ್ತಾ, ಆಕ್ಸಿಲರೇಟರ್ ಬಿಟ್ಟಾಗ ಆ ಶಬ್ದ ಬದಲಾಗ್ತಿದ್ರೆ ಅದ್ರೊಳಗಿನ ಗೇರ್ ಜೋಡಿ, ಕ್ರೌನ್ ಪಿನಿಯನ್ ಕಡೆ ನೋಡ್ಬೇಕು, ಅದು ದೊಡ್ಡ ಖರ್ಚು, ಸೆಟ್ಟಿಂಗ್ ಗೊತ್ತಿರೋರೇ ಮಾಡ್ಬೇಕು. ಸ್ಟೀರಿಂಗ್ ಒಂದು ಕಡೆ ತಿರುಗಿಸಿದಾಗ ಶಬ್ದ ಹೆಚ್ಚಾಗಿ ಇನ್ನೊಂದು ಕಡೆಗೆ ಕಮ್ಮಿ ಆದ್ರೆ ಬಹುಶಃ ವೀಲ್ ಬೇರಿಂಗ್ ಅಷ್ಟೇ.

ಇನ್ನು ಇಂಜಿನ್. ಕೋಲ್ಡ್ ಸ್ಟಾರ್ಟ್ ನೋಡ್ಲೇಬೇಕು, ನೀವು ಹೋಗೋಷ್ಟರಲ್ಲಿ ಬಿಸಿ ಮಾಡಿಟ್ಟಿದ್ರೆ ಇನ್ನೊಂದು ದಿನ ಬರ್ತೀನಿ ಅನ್ನಿ. ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ. ಕಪ್ಪು ಹೊಗೆ ಬಂದ್ರೆ ಗಾಳಿ ಸಾಲ್ತಿಲ್ಲ ಇಲ್ಲಾ ಡೀಸೆಲ್ ಜಾಸ್ತಿ ಹೋಗ್ತಿದೆ, ಕೆಲವೊಮ್ಮೆ ಏರ್ ಫಿಲ್ಟರ್ ಬದಲಾಯಿಸಿದ್ರೇ ಸರಿಹೋಗುತ್ತೆ. ಬಿಸಿ ಆದ್ಮೇಲೂ ನಿಲ್ಲದ ಬಿಳಿ ಹೊಗೆ, ಅದ್ರಲ್ಲೊಂದು ಸಿಹಿ ವಾಸನೆ, ಇದು ಕೂಲಂಟ್ ಒಳಗೆ ಹೋಗ್ತಿರೋ ಲಕ್ಷಣ, ಹೆಡ್ ಗ್ಯಾಸ್ಕೆಟ್ ಹೋಗಿರ್ಬಹುದು. ಗ್ಯಾಸ್ಕೆಟ್ ಅಗ್ಗದ್ದೇ, ಆದ್ರೆ ಹೆಡ್ ಇಳಿಸ್ಬೇಕು, ಲೇತ್ ಅಂಗಡೀಲಿ ಫೇಸಿಂಗ್ (ಮೇಲ್ಮೈ ಸಮ ಮಾಡೋದು) ಮಾಡಿಸ್ಬೇಕು, ಸುಮಾರು ಇಂಜಿನ್ನಿಗೆ ಹೆಡ್ ಬೋಲ್ಟ್ ಹೊಸದೇ ಬೇಕು, ಹೆಡ್ ಕ್ರ್ಯಾಕ್ ಅಂತ ಗೊತ್ತಾಗೋದು ಎಲ್ಲಾ ಬಿಚ್ಚಿದ್ಮೇಲೆ. ಇಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಕ್ಯಾಪ್ ಸಡಿಲ ಮಾಡಿ, ಉಸಿರು ಬಿಟ್ಟಂಗೆ ಜೋರಾಗಿ ಬುಸ್ ಬುಸ್ ಅಂತಿದ್ರೆ ರಿಂಗ್, ಪಿಸ್ಟನ್ ಸವೆದಿದೆ. ಪೂರ್ತಿ ಇಂಜಿನ್ ಕೆಲಸ ಅಂದ್ರೆ ಹಳೇ ಗಾಡಿ ರೇಟಿನ ದೊಡ್ಡ ಪಾಲನ್ನೇ ನುಂಗ್ಬಿಡುತ್ತೆ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಬೇಡಿ, ಮುಖಕ್ಕೆ ಚಿಮ್ಮುತ್ತೆ.

ಕಾಮನ್ ರೈಲ್ ಡೀಸೆಲ್ (ಒಂದೇ ಪೈಪಲ್ಲಿ ಪ್ರೆಶರ್ ತುಂಬಿ ಎಲ್ಲಾ ಇಂಜೆಕ್ಟರಿಗೂ ಡೀಸೆಲ್ ಕೊಡೋ ಇಂಜಿನ್) ಆದ್ರೆ ಇಂಜೆಕ್ಟರ್ ಟೆಸ್ಟ್ ಮಾಡಿಸದೆ ಅಡ್ವಾನ್ಸ್ ಕೊಡ್ಬೇಡಿ. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಪುಟ್ಟ ಬಾಟಲ್ ಸಿಕ್ಕಿಸಿ ಇಂಜಿನ್ ಓಡಿಸ್ತಾರೆ, ಎಲ್ಲಾ ಬಾಟಲಲ್ಲೂ ಡೀಸೆಲ್ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬರ್ಬೇಕು, ಒಂದು ಬಾಟಲ್ ಮಾತ್ರ ಬೇಗ ತುಂಬಿದ್ರೆ ಅದ್ರ ಇಂಜೆಕ್ಟರೇ ಕಳ್ಳ. ಈ ಸಿಸ್ಟಮ್ಮು ವಿಪರೀತ ಪ್ರೆಶರಲ್ಲಿ ಕೆಲಸ ಮಾಡುತ್ತೆ, ಎಷ್ಟೋ ಇಂಜಿನ್ನಲ್ಲಿ ಅದು 1,600 ಬಾರ್ (ಪ್ರೆಶರ್ ಅಳೆಯೋ ಯೂನಿಟ್) ತನಕ ಹೋಗುತ್ತೆ, ಡೀಸೆಲಲ್ಲಿ ನೀರು ಕಸ ಸೇರಿದ್ರೆ ಪಂಪು ಇಂಜೆಕ್ಟರ್ ಎರಡೂ ಹೋಗುತ್ತೆ. ಫ್ಯೂಯಲ್ ಫಿಲ್ಟರಿಗೆ ಜಿಪುಣತನ ಮಾಡಿದ ಓನರ್ ಆ ಬಿಲ್ಲನ್ನ ನಿಮ್ಗೆ ಬಿಟ್ಟು ಹೋಗಿರ್ತಾನೆ.

ವಾಲ್ವ್ ಮತ್ತೆ ಪಿಸ್ಟನ್ನಿನ ತಾಳ ಹೊಂದಿಸೋಕೆ ಟೈಮಿಂಗ್ ಬೆಲ್ಟ್ ಇರೋ ಇಂಜಿನ್ನಾ, ಇಲ್ಲಾ ಚೈನ್ ಇರೋದಾ ತಿಳ್ಕೊಳ್ಳಿ. ಬೆಲ್ಟ್ ಆದ್ರೆ ಬದಲಾಯಿಸಿದ ಬಿಲ್ ಕೇಳಿ, ಬಾಯಿ ಮಾತು ನಂಬ್ಬೇಡಿ, ಓಡುವಾಗ ತುಂಡಾದ್ರೆ ಸುಮಾರು ಇಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತೆ. ಬಿಲ್ ಇಲ್ವಾ, ತಗೊಂಡ ವಾರದಲ್ಲೇ ಬೆಲ್ಟು, ಟೆನ್ಷನರ್ ಹಾಕಿಸಿ, ವಾಟರ್ ಪಂಪ್ ಅದೇ ಬೆಲ್ಟಲ್ಲಿ ತಿರುಗ್ತಿದ್ರೆ ಅದನ್ನೂ ಸೇರಿಸಿ, ಹೆಂಗೂ ಬಿಚ್ಚಿರ್ತಾರಲ್ಲ.

ಹೆದರಿಸೋ ಥರ ಕಂಡ್ರೂ ಅಗ್ಗದಲ್ಲಿ ಮುಗಿಯೋವೂ ಇವೆ. ಸೈಲೆನ್ಸರ್ ಗಡಗಡ ಅಂದ್ರೆ ಹ್ಯಾಂಗರ್ ರಬ್ಬರ್ ಇರ್ಬಹುದು. ಹಿಂದಿನ ಬ್ರೇಕ್ ಡ್ರಮ್ ಒಳಗೆ ಒದ್ದೆ ಇದ್ರೆ ಹೆಚ್ಚಾಗಿ ವೀಲ್ ಸಿಲಿಂಡರ್, ತಡ ಮಾಡ್ದೆ ಹಾಕಿಸಿ ಅಷ್ಟೇ. ಸೆಲ್ಫ್ ಎಳೀತಿಲ್ಲ ಅಂದ್ರೆ ಬ್ಯಾಟರಿಗೆ ಮೀಟರ್ ಇಟ್ಟು ನೋಡಿ, ಇಂಜಿನ್ ನಿಂತಾಗ 12.4ರಿಂದ 12.6 ವೋಲ್ಟ್, ಇಂಜಿನ್ ಓಡುವಾಗ ಸುಮಾರು 14 ಬರ್ಬೇಕು, ಓಡುವಾಗ ಅಷ್ಟು ಬರ್ತಿಲ್ಲ ಅಂದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕಡೆ ಹೋಗಿ. ಟೈರ್ ಮೇಲೆ ನಾಲ್ಕಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು, ಟೈರಿನ ಗುಂಡಿ (ಟ್ರೆಡ್) ಚೆನ್ನಾಗಿ ಕಂಡ್ರೂ ರಬ್ಬರ್ ವಯಸ್ಸಾಗಿದ್ರೆ ಅಷ್ಟು ರೇಟ್ ಇಳಿಸಿ ಕೇಳಿ.