ಖಾಲಿ ಇಟ್ಟ ಒಂದನೇ ಮನೆ

ಹಳೇ ಹುಬ್ಬಳ್ಳಿಯಲ್ಲಿ ಅಪ್ಪ ಬಿಟ್ಟುಹೋದ ಆರು ಮನೆಗಳ ಚಾಳ ನಮ್ಮದು. ಮಣ್ಣಿನ ಗೋಡೆ, ಹಂಚಿನ ಸೂರು, ಎಲ್ಲರಿಗೂ ಸೇರಿ ಹಿಂದೆ ಒಂದು ನಳ. ಬಾಡಿಗೆ ಆಗ ಮನೆಗೆ 1,800 ರೂಪಾಯಿ. ಬಿಲ್ಡರ್ ಒಬ್ಬರು ಎರಡು ಸಲ ಬಂದುಹೋದರು. ಅಣ್ಣನಿಗೆ ಮಾರುವ ಮನಸ್ಸಿತ್ತು.

ಸುದ್ದಿ ಚಾಳಕ್ಕೆ ಮುಟ್ಟದೇ ಇರುತ್ತದಾ? ಮೂರನೇ ಮನೆಯ ಅವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾರೆ. ನನ್ನನ್ನು ಚಡ್ಡಿ ಹಾಕುವ ಕಾಲದಿಂದ ನೋಡಿದವರು. “ತಮ್ಮಾ, ಮಾರೂದಾದ್ರ ಮೊದಲ ಹೇಳಪಾ. ಒಲೀ ಹೂಡಾಕ ಜಾಗಾ ನೋಡ್ಕೋಬೇಕು ನಾನು” ಅಂದರು. ಅಪಾರ್ಟ್‌ಮೆಂಟಿನಲ್ಲಿ ಕಟ್ಟಿಗೆ ಒಲೆಗೆ ಯಾರು ಬಿಡುತ್ತಾರೆ?

ಸೂರು ಸೋರುತ್ತಿತ್ತು, ಜಂತಿಗೆ ಗೆದ್ದಲು ಹತ್ತಿತ್ತು. ಎಲ್ಲರನ್ನೂ ಖಾಲಿ ಮಾಡಿಸಿ ರಿಪೇರಿ ಮಾಡು ಅಂದರು ಗೆಳೆಯರು. ಹಾಗೆ ಹೋದವರು ವಾಪಸ್ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಒಂದನೇ ಮನೆಯವರು ಮಗನ ಊರಿಗೆ ಹೋದರು. ಆ ಮನೆಯನ್ನು ಬಾಡಿಗೆಗೆ ಕೊಡಲೇ ಇಲ್ಲ. ಮೊದಲು ಅದನ್ನೇ ರಿಪೇರಿ ಮಾಡಿಸಿದೆ. ಆಮೇಲೆ ಒಬ್ಬೊಬ್ಬರೂ ಇಪ್ಪತ್ತು ದಿನ ಅಲ್ಲಿ ಇರುವುದು, ಅಷ್ಟರಲ್ಲಿ ಅವರ ಸೂರು ಮುಗಿಸುವುದು. ದೀಪಾವಳಿಗೆ ಶುರುವಾದ ಕೆಲಸ ಮಳೆಗೆ ಮುಂಚೆ ಮುಗಿಯಿತು.

ಒಂದು ತಪ್ಪು ಮಾಡಿದೆ. ದುಡ್ಡು ಉಳಿಯುತ್ತದೆ ಅಂತ ಒಂದನೇ ಮನೆಗೆ ತಗಡು ಹೊದಿಸಿದ್ದೆ. ಮಾರ್ಚ್‌ನಲ್ಲಿ ಅಲ್ಲಿದ್ದವರು ಮಧ್ಯಾಹ್ನವೆಲ್ಲ ಬೇವಿನ ಮರದ ಕೆಳಗೇ ಕೂತರು. ತಗಡು ತೆಗೆಸಿದೆ. ಕೆಡವಿದ ಹಳೇ ಮನೆಗಳ ಹಂಚು ಸಸ್ತಾ ಸಿಗುತ್ತವೆ. ಆರಿಸಿ ತಂದರೆ ಹೊಸವಕ್ಕೇನೂ ಕಡಿಮೆ ಇಲ್ಲ.

ಸೂರಿಗಿಂತ ಜಾಸ್ತಿ ಉಪಯೋಗ ಆಗಿದ್ದು ಮೀಟರಿನಿಂದ. ಚಾಳಕ್ಕೆಲ್ಲ ಒಂದೇ ಮೀಟರ್ ಇತ್ತು. 2023ರಲ್ಲಿ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಂದಾಗ ನಮ್ಮವರಿಗೆ ಏನೂ ಸಿಗಲಿಲ್ಲ. ತಿಂಗಳಿಗೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು. ಆರು ಮನೆ ಸೇರಿದರೆ ದಾಟದೇ ಇರುತ್ತದಾ? ಕರೆಂಟ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಟ್ಟು ಮನೆಗೊಂದು ಮೀಟರ್ ಹಾಕಿಸಿದೆ. ಬಾಡಿಗೆದಾರರೂ ಅರ್ಜಿ ಹಾಕಬಹುದು, ಆದರೆ ಅಲ್ಲಿ ಇರುವುದಕ್ಕೆ ದಾಖಲೆ ಬೇಕು. ಅಲ್ಲಿವರೆಗೆ ನಮ್ಮದು ಬರೀ ಬಾಯಿಮಾತು. ಎಲ್ಲರಿಗೂ 11 ತಿಂಗಳ ಕರಾರು ಬರೆಸಿದೆ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಅದಕ್ಕೇ ಹನ್ನೊಂದು. ಹೊಸ ಮೀಟರಿಗೆ ಉಚಿತ ಯುನಿಟ್ ಕಡಿಮೆಯೇ. ಎರಡು ಬಲ್ಬು, ಒಂದು ಫ್ಯಾನಿನ ಮನೆಗೆ ಅಷ್ಟು ಸಾಕು.

ಕರೆಂಟಿಗೆ ಅವರು ಕೊಡುತ್ತಿದ್ದ ಸುಮಾರು 400 ರೂಪಾಯಿ ಉಳಿಯಿತು. ಬಾಡಿಗೆ 2,100 ಮಾಡಿದೆ. ಯಾರೂ ತಕರಾರು ತೆಗೆಯಲಿಲ್ಲ.

ಒಂದನೇ ಮನೆ ಈಗಲೂ ಖಾಲಿ. ನಾಲ್ಕನೇ ಮನೆಯ ಹಿಂಗೋಡೆ ಉಬ್ಬಿದೆ, ಮಳೆ ನಿಂತ ಮೇಲೆ ಅವರು ಮತ್ತೆ ಅಲ್ಲಿಗೆ ಬರಬೇಕು. ಸುಮ್ನೆ ಒಂದು ಬಾಡಿಗೆ ಹೋಗ್ತಿದೆ ಅಂತ ಅಣ್ಣ ತಿಂಗಳಾ ತಿಂಗಳಾ ಗೊಣಗುತ್ತಾನೆ.