ಕುಡೂ ತಲೆ ಗೋಡೆಗೇರುವ ಮುನ್ನ: ಚರ್ಮ, ಕೊಂಬು, ಕಣ್ಣು

ದಕ್ಷಿಣ ಆಫ್ರಿಕಕ್ಕೋ ನಮೀಬಿಯಕ್ಕೋ ಬೇಟೆಗೆ ಬರುವವರು ಗೋಡೆಯ ಮೇಲೆ ಮೊದಲು ನೋಡಬಯಸುವುದು ಆಫ್ರಿಕದ ದೊಡ್ಡ ಹುಲ್ಲೆಯಾದ ಕುಡೂವಿನ ಗಂಡಿನ ತಲೆಯನ್ನು. ಎರಡೂವರೆ ಸುತ್ತು ತಿರುಗಿ ಮೇಲೇರಿದ ಕೊಂಬು, ಗಂಟಲುದ್ದಕ್ಕೂ ಇಳಿಬಿದ್ದ ಗಡ್ಡ, ಎರಡು ಕಣ್ಣುಗಳ ನಡುವೆ ಬಿಳಿ ಪಟ್ಟೆ. ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯ ಚರ್ಮವನ್ನು ಹದಮಾಡಿ ಜೀವಂತದಂತೆ ನಿಲ್ಲಿಸುವ ಕೆಲಸ, ಮಾಡುವವರ ಕೈ ಕಟ್ಟಿಹಾಕುವ ಪ್ರಾಣಿಯೂ ಇದೇ. ಮುದಿ ಗಂಡಿನ ಕತ್ತಿನ ಮೇಲೆ ರೋಮ ಬಲು ಗಿಡ್ಡ, ಬಲು ವಿರಳ. ಅದರಡಿಯ ಚರ್ಮ ಮಾತ್ರ ದಪ್ಪ. ಎಲ್ಲಿ ರೋಮ ಉದುರಿದರೂ, ಎಲ್ಲಿ ಹೊಲಿಗೆ ಎಳೆದುಕೊಂಡರೂ ಮುಚ್ಚಲು ಮೇಲೆ ಏನೂ ಇರುವುದಿಲ್ಲ. ಭುಜದವರೆಗಿನ ಕುಡೂ ತಲೆಯನ್ನು ನಾನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇರೆ ಪ್ರಾಣಿಗಳಿಗೆ ಎಲ್ಲಿ ಬದಲಾಗುತ್ತದೆ ಎಂಬುದನ್ನೂ ಅಲ್ಲಲ್ಲಿ ಹೇಳುತ್ತೇನೆ.

ಅರ್ಧ ಕೆಲಸ ಪ್ರಾಣಿ ಬಿದ್ದ ಜಾಗದಲ್ಲೇ ತೀರ್ಮಾನವಾಗಿಬಿಡುತ್ತದೆ. ನೆಲದ ಮೇಲೆ ಎಳೆದರೆ ಭುಜದ ರೋಮ ಉಜ್ಜಿ ಹೋಗುತ್ತದೆ; ಎತ್ತಿಯೇ ಗಾಡಿಗೆ ಹಾಕಬೇಕು. ಗಂಟಲು ಕೊಯ್ದು ರಕ್ತ ಬಸಿಯುವುದು ಬೇಡವೇ ಬೇಡ. ಗಡ್ಡದ ನಡುವೆ ಬಿದ್ದ ಕೊಯ್ತವನ್ನು ಎಷ್ಟು ಜಾಣತನದಿಂದ ಹೊಲಿದರೂ ಬೆಳಕು ಓರೆಯಾಗಿ ಬಿದ್ದಾಗ ಕಾಣುತ್ತದೆ. ಚರ್ಮ ಸುಲಿಯುವಾಗ ಮುಂಗಾಲಿನ ಹಿಂದೆ, ಎದೆಗೂಡಿನ ನಡುಭಾಗದಲ್ಲಿ ಸುತ್ತಲೂ ಒಂದು ಕೊಯ್ತ. ಮುಂಗಾಲಿನ ಮಂಡಿಯ ಮೇಲೆ ಇನ್ನೊಂದು. ಅಲ್ಲಿಂದ ಕಾಲಿನ ಹಿಂಬದಿಯಲ್ಲಿ ಮೇಲಕ್ಕೆ ಸಾಗಿ ಮೊದಲ ಕೊಯ್ತಕ್ಕೆ ಸೇರಿಸಬೇಕು. ಬೆನ್ನಿನ ಕಡೆ ಕೇಸರದ ಅಂಚಿನಲ್ಲೇ ಕತ್ತಿನ ಮೇಲಕ್ಕೆ ಬಂದು, ಕಿವಿಗಳ ಹಿಂದೆ ಕವಲೊಡೆದು ಎರಡೂ ಕೊಂಬಿನ ಬುಡ ಮುಟ್ಟಬೇಕು. ಭುಜದ ಹಿಂದೆ ಚರ್ಮ ಹೆಚ್ಚೇ ಉಳಿಯಲಿ. ಬೇಟೆ ಮಾರ್ಗದರ್ಶಕರು ಕಂಜೂಸಿತನ ಮಾಡುವುದು ಇಲ್ಲೇ. ನಾಲ್ಕು ಬೆರಳು ಕಡಿಮೆಯಾದರೆ ಎದೆಯ ಭಾಗ ಮುಚ್ಚದೆ, ಫಾರ್ಮನ್ನೇ (ಚರ್ಮ ತೊಡಿಸುವ ಸಿದ್ಧ ಅಚ್ಚನ್ನೇ) ಕತ್ತರಿಸಬೇಕಾಗುತ್ತದೆ.

ಚರ್ಮ ಹಸಿಯಾಗಿರುವಾಗಲೇ ಮೂರು ಅಳತೆ ತೆಗೆದಿಡಬೇಕು: ಮೂಗಿನ ತುದಿಯಿಂದ ಕಣ್ಣಿನ ಮುಂಮೂಲೆಗೆ, ಕಿವಿಯ ಹಿಂದೆ ಕತ್ತಿನ ಸುತ್ತಳತೆ, ಕತ್ತಿನ ನಡುಭಾಗದ ಸುತ್ತಳತೆ. ಹದ ಮಾಡಿದ ಚರ್ಮ ಹಿಗ್ಗುತ್ತದೆ. ಅದನ್ನು ಅಳೆದು ಫಾರ್ಮ್ ತರಿಸಿದರೆ ಎಮ್ಮೆಯ ಕತ್ತಿನ ಕುಡೂ ತಯಾರಾಗುತ್ತದೆ. ದಕ್ಷಿಣ ಆಫ್ರಿಕದ ಈಸ್ಟರ್ನ್ ಕೇಪ್ ಪ್ರಾಂತದ ಕುಡೂ ಉತ್ತರದ ಲಿಂಪೋಪೋ ಪ್ರಾಂತದ್ದಕ್ಕಿಂತ ಸಣ್ಣ; ಅದಕ್ಕೆ ಬೇರೆಯೇ ಫಾರ್ಮ್ ಸಿಗುತ್ತದೆ, ಅದನ್ನೇ ತರಿಸಿ.

ಸುಲಿದ ಚರ್ಮವನ್ನು ಬಿಸಿ ಆರುವವರೆಗೆ ನೆರಳಿನಲ್ಲಿ ಹರಡಿಡಬೇಕು. ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಒಳಗಿನ ಕಾವಿಗೆ ಬ್ಯಾಕ್ಟೀರಿಯಾ ಬೆಳೆದು ರೋಮದ ಬೇರು ಸಡಿಲವಾಗುತ್ತದೆ. ಅದು ಆಗ ಕಾಣುವುದಿಲ್ಲ. ಆಮ್ಲದ ತೊಟ್ಟಿಯಿಂದ ಎತ್ತಿದಾಗ ರೋಮ ಕೈಗೆ ಬರುತ್ತದೆ. ಹೆಚ್ಚಾಗಿ ಹೋಗುವುದು ಕಿವಿ, ತುಟಿ, ಕಣ್ಣಿನ ಸುತ್ತ ಮತ್ತು ಹೊಟ್ಟೆಯ ಅಂಚು. ಮೊದಲ ಮೂರರಲ್ಲಿ ಕಾರಣ ಒಂದೇ, ಉಪ್ಪು ಒಳಗೆ ತಲುಪಿರುವುದಿಲ್ಲ.

ಆದ್ದರಿಂದ ಉಪ್ಪು ಹಾಕುವ ಮೊದಲು ಕಿವಿಯನ್ನು ತುದಿಯವರೆಗೂ ಒಳಹೊರಗು ಮಾಡಬೇಕು. ಕುಡೂವಿನ ಕಿವಿ ಅಂಗೈಗಿಂತ ಅಗಲ, ಒಳಚರ್ಮ ತೆಳು. ಚಾಕು ಹಿಡಿಯದೆ, ಮೊಂಡಾದ ಮರದ ಕಡ್ಡಿಯಿಂದ ಮೃದ್ವಸ್ಥಿ ಮತ್ತು ಹಿಂಬದಿಯ ಚರ್ಮದ ನಡುವೆ ಸ್ವಲ್ಪಸ್ವಲ್ಪವೇ ಬಿಡಿಸುತ್ತಾ ಹೋಗುತ್ತೇನೆ. ತುದಿಗೆ ಒಂದು ಬೆರಳು ಉಳಿಯಿತೆಂದು ಬಿಟ್ಟರೆ ಆ ಒಂದು ಬೆರಳಿನಷ್ಟೇ ಬೋಳಾಗುತ್ತದೆ. ತುಟಿಯನ್ನು ಒಳಗಿನಿಂದ ಅಂಚಿನವರೆಗೆ ಸೀಳಿ ಪುಸ್ತಕದ ಹಾಗೆ ತೆರೆಯಬೇಕು. ಮೂಗಿನ ಹೊಳ್ಳೆಯ ನಡುವಿನ ಮೃದ್ವಸ್ಥಿ, ಕಣ್ಣರೆಪ್ಪೆಯ ಒಳಪದರ, ಇವುಗಳಿಗೂ ಅದೇ ಕ್ರಮ. ವೈಲ್ಡ್‌ಬೀಸ್ಟ್ ಮತ್ತು ಹಾರ್ಟ್‌ಬೀಸ್ಟ್ ಎಂಬ ಹುಲ್ಲೆಗಳಿಗೆ ಕಣ್ಣಿನ ಮುಂದೆ ದಪ್ಪ ಗ್ರಂಥಿ ಇರುತ್ತದೆ. ಅದನ್ನು ಒಳಗಿನಿಂದ ಕೆತ್ತಿ ತೆಗೆಯದಿದ್ದರೆ ಅಲ್ಲಿನ ಎಣ್ಣೆ ಉಪ್ಪನ್ನು ತಡೆಯುತ್ತದೆ.

ಅಯೋಡಿನ್ ಇಲ್ಲದ ಪುಡಿ ಉಪ್ಪೇ ಬೇಕು. ಕಲ್ಲುಪ್ಪಿನ ಹರಳುಗಳ ನಡುವೆ ಚರ್ಮ ಬರಿದಾಗಿ ಉಳಿಯುತ್ತದೆ. ಒಂದು ಕುಡೂ ಕೇಪಿಗೆ (ತಲೆಯಿಂದ ಭುಜದವರೆಗಿನ ಚರ್ಮಕ್ಕೆ) 8ರಿಂದ 10 ಕಿಲೋ ಹಿಡಿಯುತ್ತದೆ. ಉಜ್ಜಿ, ಇಳಿಜಾರಿನ ಮೇಲೆ ಹರಡಿ, 24 ಗಂಟೆ ನೀರು ಬಸಿಯಲು ಬಿಟ್ಟು, ಒದ್ದೆ ಉಪ್ಪನ್ನು ಕೊಡವಿ ಹೊಸ ಉಪ್ಪು ಹಾಕಬೇಕು. ಹಳೆಯದನ್ನು ಒಣಗಿಸಿ ಮತ್ತೆ ಬಳಸಿದರೆ ಹಿಂದಿನ ಚರ್ಮದ ಸೋಂಕನ್ನೇ ಇದಕ್ಕೆ ಹಚ್ಚಿದಂತಾಗುತ್ತದೆ. ಎರಡನೇ ಉಪ್ಪಿನ ನಂತರ ನೆರಳು-ಗಾಳಿಯಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಕೊಬ್ಬು ಕರಗಿ ಚರ್ಮದೊಳಗೆ ಇಳಿದು, ಆ ಭಾಗ ಹದವಾಗುವುದೇ ಇಲ್ಲ. ಈಲಂಡ್ ಎಂಬ ಭಾರಿ ಹುಲ್ಲೆಯ ಮುದಿ ಗಂಡಾದರೆ ಹಣೆಯ ಕೂದಲ ಗುಪ್ಪೆಯಲ್ಲಿ ಮೂತ್ರ, ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೊಳೆದು, ಅಡಿಯ ಚರ್ಮವನ್ನು ತೆಳುಮಾಡಿ ಉಪ್ಪು ಹಾಕಬೇಕು.

ಕೊಂಬಿನ ಕೆಲಸ ಬೇರೆಯೇ ಸಾಗಲಿ. ಹೊರಗಿನದು ಕೆರಾಟಿನ್ ಕವಚ, ಒಳಗೆ ರಂಧ್ರಗಳ ಮೂಳೆ. ಎರಡರ ನಡುವಿನ ರಕ್ತ, ಅಂಗಾಂಶ ಕೊಳೆತರೆ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ತಲೆಬುರುಡೆ ಕತ್ತರಿಸುವ ಮೊದಲು ಎರಡು ಕೊಂಬಿನ ತುದಿಗಳ ನಡುವಿನ ಅಂತರ, ಪ್ರತಿ ತುದಿಯಿಂದ ಮೂಗಿಗೆ ಇರುವ ಅಂತರ ಬರೆದುಕೊಳ್ಳಬೇಕು. ಆಮೇಲೆ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಬುರುಡೆಯನ್ನು, ಕೊಂಬಿನ ಬುಡ ಮುಟ್ಟುವಷ್ಟೇ ಮುಳುಗಿಸಿ, ಮಂದ ಉರಿಯಲ್ಲಿ ಬೇಯಿಸಬೇಕು. ಕೊಂಬೇ ಕುದಿಯುವ ನೀರಿಗೆ ಬಿದ್ದರೆ ಪದರ ಬಿಡುತ್ತದೆ. ಸಡಿಲವಾದ ಮೇಲೆ ಸುರುಳಿಯ ದಿಕ್ಕಿಗೇ ತಿರುಗಿಸುತ್ತಾ ಎಳೆದರೆ ಕವಚ ಬರುತ್ತದೆ. ನೇರ ಎಳೆದರೆ ಬರುವುದಿಲ್ಲ. ಒಳಮೂಳೆಯನ್ನು ಮೂರನೇ ಒಂದು ಭಾಗ ಉಳಿಸಿ ಕೊಯ್ದು, ಚೆನ್ನಾಗಿ ಒಣಗಿಸಿ, ಕಾರಿನ ಡೆಂಟ್ ತುಂಬುವ ಪುಟ್ಟಿಯಿಂದ ಕವಚವನ್ನು ಮತ್ತೆ ಕೂರಿಸುತ್ತೇನೆ. ಪೆಟ್ಟಿಗೆಯಲ್ಲಿ ದೂರ ಹೋಗುವ ತಲೆಯಾದರೆ ಪುಟ್ಟಿ ಹಾಕದೆ, ಬಿಚ್ಚಿ ಹಾಕುವಂತೆ ಉಳಿಸಿದರೆ ಸಾಗಣೆ ಖರ್ಚು ಬಹಳ ಇಳಿಯುತ್ತದೆ. ಕೊಂಬಿನ ಬುಡದಲ್ಲಿ ಮರದ ತೊಗಟೆಗೆ ಉಜ್ಜಿ ಹಿಡಿದ ಕಂದು ಬಣ್ಣವನ್ನು ನಾನು ತೊಳೆಯುವುದಿಲ್ಲ. ಅದು ಆ ಪ್ರಾಣಿಯದೇ. ತುದಿಯ ದಂತದ ಬಿಳುಪಿಗೆ ಎಣ್ಣೆಯನ್ನೂ ಸೋಕಿಸುವುದಿಲ್ಲ.

ಹದ ಮಾಡುವಾಗ, ಒಣಗಿದ ಚರ್ಮವನ್ನು ಉಪ್ಪುನೀರಿನಲ್ಲಿ ಮೆತ್ತಗಾಗುವಷ್ಟೇ ಹೊತ್ತು ನೆನೆಸಬೇಕು. ರಾತ್ರಿಯಿಡೀ ಬಿಟ್ಟು ಮಲಗುವ ಹಂತವಲ್ಲ ಇದು. ನಂತರ ಆಮ್ಲದ ತೊಟ್ಟಿ: ಲೀಟರ್ ನೀರಿಗೆ 120 ಗ್ರಾಂ ಉಪ್ಪು ಕರಗಿಸಿ, ಫಾರ್ಮಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಪಿಎಚ್ 2ರ ಆಸುಪಾಸಿಗೆ ತರಬೇಕು, 2.5 ದಾಟಬಾರದು. ಮೊದಲು ನೀರು, ಆಮೇಲೆ ಆಮ್ಲ; ಕೈಗವಸು, ಕನ್ನಡಕ ತಪ್ಪದೆ ಇರಲಿ. ಉಪ್ಪಿಲ್ಲದ ಆಮ್ಲದಲ್ಲಿ ಚರ್ಮ ಉಬ್ಬಿ ಲೋಳೆಯಾಗುತ್ತದೆ, ಹಾಗಾದ ಮೇಲೆ ಅದನ್ನು ಉಳಿಸಲಾಗುವುದಿಲ್ಲ. ಮೂರು ದಿನದ ನಂತರ ತೆಗೆದು ಹೆರೆಯುವುದು. ಮುಖದ ಭಾಗ ಒಳಗಿನಿಂದ ರೋಮದ ಬೇರು ಮಸುಕಾಗಿ ಕಾಣತೊಡಗುವಷ್ಟು ತೆಳುವಾಗಬೇಕು. ಕತ್ತು ಒಂದೂವರೆ ಮಿಲಿಮೀಟರ್ ಆದರೆ ಸಾಕು. ಜೆಮ್ಸ್‌ಬಾಕ್ ಎಂಬ ಹುಲ್ಲೆಯ ಕತ್ತಿನ ಚರ್ಮಕ್ಕೆ ಇಲ್ಲಿ ದುಪ್ಪಟ್ಟು ಸಮಯ ಇಟ್ಟುಕೊಳ್ಳಿ. ಹೆರೆದ ಮೇಲೆ ಮತ್ತೆ ಒಂದು ದಿನ ಅದೇ ತೊಟ್ಟಿ. ಹೊಸದಾಗಿ ತೆರೆದ ಪದರಕ್ಕೂ ಆಮ್ಲ ಇಳಿಯಬೇಕು.

ಲೀಟರಿಗೆ 7 ಗ್ರಾಂ ಅಡುಗೆ ಸೋಡಾ ಹಾಕಿದ ನೀರಿನಲ್ಲಿ 15ರಿಂದ 20 ನಿಮಿಷ ಅದ್ದಿ ತೊಳೆದರೆ ಆಮ್ಲ ಹೋಗುತ್ತದೆ. ಬಸಿದು ತೂಗಿ, ಪ್ರತಿ ಕಿಲೋ ಚರ್ಮಕ್ಕೆ 4 ಲೀಟರ್ ಉಗುರುಬೆಚ್ಚಗಿನ ನೀರು, 250 ಗ್ರಾಂ ಉಪ್ಪು, ಸುಮಾರು 90 ಗ್ರಾಂ ಅಲ್ಯೂಮಿನಿಯಂ ಮೂಲದ ಹದಪುಡಿ. ಪಿಎಚ್ 4ಕ್ಕೆ ನಿಲ್ಲಿಸಿ 16ರಿಂದ 20 ಗಂಟೆ. ಪುಡಿಯ ಬ್ರಾಂಡ್ ಬದಲಾದರೆ ಅಳತೆ ಬದಲಾಗುತ್ತದೆ, ಡಬ್ಬಿಯ ಮೇಲಿನದನ್ನೇ ನಂಬಿ. ಕೊನೆಗೆ ನೀರಿನಲ್ಲಿ ಬೆರೆಯುವ ಸಲ್ಫೋನೇಟೆಡ್ ಎಣ್ಣೆ ಒಂದು ಪಾಲು, ಬಿಸಿನೀರು ಎರಡು ಪಾಲು ಬೆರೆಸಿ ಮಾಂಸದ ಮಗ್ಗುಲಿಗೆ ಹಚ್ಚಿ ನಾಲ್ಕು ಗಂಟೆ ಬಿಡಬೇಕು.

ಪಾಲಿಯುರೆಥೇನ್ ಫೋಮಿನ ಫಾರ್ಮಿಗೆ ಕೊಂಬಿನ ತಟ್ಟೆಯನ್ನು (ಕೊಂಬು ಕೂಡಿದ ಬುರುಡೆಯ ತುಂಡನ್ನು) 75 ಮಿ.ಮೀ. ಸ್ಕ್ರೂಗಳಿಂದ ಬಿಗಿದು, ಬರೆದುಕೊಂಡ ಅಂತರಗಳಿಗೆ ಸರಿಹೊಂದಿಸಿ, ಹೊಲಿಯುವ ಮೊದಲೇ ಒಮ್ಮೆ ಗೋಡೆಗೆ ತೂಗುಹಾಕಿ ನೋಡಬೇಕು. ಕುಡೂವಿನ ಕೊಂಬು ಹಿಂದಕ್ಕೆ ವಾಲುತ್ತದೆ. ತಲೆ ಸ್ವಲ್ಪ ಹೆಚ್ಚು ಎತ್ತಿದ ಭಂಗಿಯಾದರೆ ತುದಿ ಗೋಡೆಗೆ ತಾಗುತ್ತದೆ, ಎತ್ತರ ಕಡಿಮೆಯ ಕೋಣೆಯಲ್ಲಿ ಚಾವಣಿಗೂ ತಾಗುತ್ತದೆ. ಆಮೇಲೆ ಚರ್ಮವನ್ನು ಅಂಟಿಲ್ಲದೆ ತೊಡಿಸಿ ನೋಡಿ, ಬಿಗಿಯಾದ ಕಡೆ ಫಾರ್ಮನ್ನೇ ಉಜ್ಜಿ ಕಡಿಮೆ ಮಾಡಬೇಕು. ಚರ್ಮ ಎಳೆದು ಕೂರಿಸಿದರೆ ಒಣಗುವಾಗ ಅದು ತನ್ನ ಜಾಗಕ್ಕೆ ಮರಳುತ್ತದೆ, ಹೊಲಿಗೆಯನ್ನೂ ಜೊತೆಗೇ ಎಳೆದುಕೊಂಡು.

ಕಣ್ಣಿಗೆ ನಾನು ಕೊಡುವಷ್ಟು ಹೊತ್ತನ್ನು ಇನ್ನಾವುದಕ್ಕೂ ಕೊಡುವುದಿಲ್ಲ. ಕುಡೂವಿಗೆ 36 ಮಿ.ಮೀ. ಆಸುಪಾಸಿನ ಗಾಜಿನ ಕಣ್ಣು. ಪಾಪೆ ದುಂಡಗಿರದೆ ಅಡ್ಡವಾಗಿ ಉದ್ದಕ್ಕಿರುತ್ತದೆ, ಅದು ನೆಲಕ್ಕೆ ಸಮಾನಾಂತರವಾಗಿಯೇ ಇರಬೇಕು. ಹುಲ್ಲೆಗಳು ತಲೆ ತಗ್ಗಿಸಿ ಮೇಯುವಾಗಲೂ ಕಣ್ಣುಗುಡ್ಡೆ ತಿರುಗಿ ಪಾಪೆ ಮಟ್ಟದಲ್ಲೇ ಉಳಿಯುತ್ತದೆ. ಹಾಗಾಗಿ ತಲೆ ಬಾಗಿದ ಭಂಗಿಯಲ್ಲೂ ರಸಮಟ್ಟ ಹಿಡಿದೇ ಕೂರಿಸುತ್ತೇನೆ. ಮೇಲಿನ ರೆಪ್ಪೆ ಗುಡ್ಡೆಗಿಂತ ತುಸು ಮುಂದೆ ಚಾಚಿ ನೆರಳು ಬೀಳಿಸಬೇಕು. ಗುಡ್ಡೆಯ ಸುತ್ತ ತುಂಬುವ ಜೇಡಿಮಣ್ಣು ಹೆಚ್ಚಾದರೆ ಬೆದರಿದ ಮುಖ, ಕಡಿಮೆಯಾದರೆ ಸತ್ತ ಮುಖ. ಕಣ್ಣಿನ ಮುಂಮೂಲೆಗಳಿಂದ ಇಳಿದು ನಡುವಿಗೆ ಬರುವ ಬಿಳಿ ಪಟ್ಟೆ ನನ್ನ ಅಳತೆಗೋಲು. ಎರಡೂ ಕಡೆ ಅದು ಕಣ್ಣಿನಿಂದ ಒಂದೇ ದೂರದಲ್ಲಿ ಹೊರಡದಿದ್ದರೆ ಮುಖದ ಚರ್ಮ ಎಲ್ಲೋ ಜಾರಿದೆ, ಅಂಟು ಹಸಿಯಿರುವಾಗಲೇ ಸರಿಪಡಿಸಬೇಕು.

ಹೊಲಿಗೆ ಕೊಂಬಿನ ಬುಡದ ಮೂಲೆಗಳಿಂದ ಶುರುವಾಗಿ ಹಿಂದಕ್ಕೆ ಬರಲಿ. ಮೇಣ ಹಚ್ಚಿದ ನೈಲಾನ್ ದಾರ, ಮೂರು ಅಂಚಿನ ಸೂಜಿ, 5 ಮಿ.ಮೀ. ಅಂತರ. ಕಿವಿಯೊಳಗೆ ಅದರ ಆಕಾರ ಹಿಡಿದಿಡುವ ಪ್ಲಾಸ್ಟಿಕ್ ಲೈನರ್ ಹಾಕಿ ಎರಡೂ ಬದಿ ರಟ್ಟು ಇಟ್ಟು ಕ್ಲಿಪ್ ಮಾಡದಿದ್ದರೆ ಚರ್ಮ ಲೈನರಿನಿಂದ ಮೇಲೆದ್ದು ಡೊಳ್ಳಾಗುತ್ತದೆ.

ಒಣಗಲು ಮೂರರಿಂದ ನಾಲ್ಕು ವಾರ. ನಮೀಬಿಯದ ವಿಂಡ್‌ಹುಕ್‌ನ ಒಣಗಾಳಿಯಲ್ಲಿ ಕಿವಿ, ಹೊಳ್ಳೆ ಬೇಗ ಒಣಗಿ ಸುರುಟುತ್ತವೆ, ಅವಕ್ಕೆ ತೆಳು ಪ್ಲಾಸ್ಟಿಕ್ ಸುತ್ತಬೇಕು. ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಕರಾವಳಿಯ ತೇವದಲ್ಲಿ ಫ್ಯಾನ್ ಬೇಕು, ಇಲ್ಲವಾದರೆ ಬೂಷ್ಟು. ಮೊದಲ ವಾರ ದಿನವೂ ರೆಪ್ಪೆ, ತುಟಿ, ಮೂಗನ್ನು ಒತ್ತಿ ನೋಡಿ, ಚರ್ಮ ಹಿಡಿದಿಡಲು ಚುಚ್ಚಿದ ಪಿನ್ ಸರಿಮಾಡಬೇಕು. ಕುಡೂವಿನ ಮೂಗು ರೋಮವಿಲ್ಲದ, ಜೀವದಲ್ಲಿ ಸದಾ ಒದ್ದೆಯ ಭಾಗ. ಬಣ್ಣವನ್ನು ತೆಳುವಾಗಿ ಹಲವು ಸಲ ಹೊಡೆದು ಕೊನೆಗಷ್ಟೇ ಹೊಳಪು.

ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿ ಕುಡೂ ಇಲ್ಲ. ಬೊಂಟೆಬಾಕ್ ಎಂಬ ಹುಲ್ಲೆ ಬಹುಕಾಲ ಅದರ ಎರಡನೇ ಅನುಬಂಧದಲ್ಲಿತ್ತು; ಪರವಾನಗಿ ಬೇಕೇ ಎಂದು ಈಗಿನ ಪಟ್ಟಿ ನೋಡಿಕೊಳ್ಳಿ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಕಾಲುಬಾಯಿ ಜ್ವರದ ನಿಯಂತ್ರಣ ವಲಯದಿಂದ ಬಂದ ಚರ್ಮ, ಕೊಂಬುಗಳಿಗೆ ಪಶುವೈದ್ಯ ಇಲಾಖೆಯ ಕಾಗದ ಮೊದಲು, ಕೆಲಸ ಆಮೇಲೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಟ್ಯಾಕ್ಸಿಡರ್ಮಿ ವೃತ್ತಿಗೇ ಲೈಸೆನ್ಸ್ ಬೇಕು. ನಮ್ಮವರಿಗೆ ಈ ಕಲೆಯ ಪರಿಚಯ ಮೈಸೂರಿನ ವ್ಯಾನ್ ಇಂಗೆನ್ ಮನೆತನದಿಂದ. ಅವರು ಕಾಗದದ ರದ್ದಿಯನ್ನು ಅಚ್ಚಿಗೆ ಹಾಕಿ ಮಾಡುತ್ತಿದ್ದ ಫಾರ್ಮ್‌ಗಳು ಇಂದಿನ ಫೋಮಿಗಿಂತ ಗಟ್ಟಿ. ಆ ಮನೆಯ ಮಕ್ಕಳಾದ ಬೋಥಾ, ಡಿವೆಟ್, ಜೌಬರ್ಟ್‌ರಿಗೆ ದಕ್ಷಿಣ ಆಫ್ರಿಕದ ಡಚ್ ಮೂಲದ ಬೋಯರ್ ಸೇನಾನಿಗಳ ಹೆಸರಿಟ್ಟಿದ್ದರು.

ಸಿದ್ಧವಾದ ತಲೆಯನ್ನು ಬಿಸಿಲು, ಒಲೆ, ಏಸಿ ಗಾಳಿ ನೇರ ತಾಗದ ಕಡೆ, ಕಲ್ಲು-ಇಟ್ಟಿಗೆಯ ಗೋಡೆಗೆ ಬೋಲ್ಟ್ ಹಾಕಿ ತೂಗುಹಾಕಬೇಕು. ಧೂಳನ್ನು ರೋಮದ ದಿಕ್ಕಿಗೇ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಆಫ್ರಿಕದಲ್ಲಿ ಕೊಂಬನ್ನೇ ತಿನ್ನುವ ಪತಂಗದ ಹುಳು ಇದೆ. ಕೊಂಬಿನ ಬುಡದಲ್ಲಿ ಮಣ್ಣಿನ ಕೊಳವೆಯಂಥದ್ದೋ ಪುಡಿಯೋ ಕಂಡರೆ ಕೂಡಲೇ ತಲೆಯನ್ನು ಬೇರೆ ಟ್ರೋಫಿಗಳಿಂದ ದೂರವಿಟ್ಟು ಔಷಧಿ ಹೊಡೆಯಬೇಕು. ಅಜ್ಜನ ಕಾಲದ ತಲೆ ಕೈಗೆ ಬಂದರೆ ಅದಕ್ಕೆ ಆರ್ಸೆನಿಕ್ ಹಚ್ಚಿರುವ ಸಂಭವವೇ ಹೆಚ್ಚು, ಕೈಗವಸು, ಮುಖಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಇಡಬೇಡಿ.