ಬಾಣೆಯ ಮರಕ್ಕೆ ಎರಡು ಕಾನೂನು: ನಡೆಯುವುದು ಯಾವುದು?

ಕಾಫಿ ತೋಟದ ಮೇಲಿನ ಬಾಣೆಯಲ್ಲಿ (ಕೊಡಗಿನಲ್ಲಿ ಗದ್ದೆಯ ಜೊತೆಗೆ ಬಂದ ಮರಗಳ ಜಾಗ) ಮರ ಕಡಿಯಬೇಕು. ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆ ಒಂದು ಹೇಳಿದರೆ, ಕೇಂದ್ರದ 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರ ತಿದ್ದುಪಡಿಯಿಂದ ಅದರ ಹೆಸರು ವನ (ಸಂರಕ್ಷಣ್ ಏವಂ ಸಂವರ್ಧನ್) ಅಧಿನಿಯಮ) ಇನ್ನೊಂದು ಹೇಳುತ್ತದೆ. ಯಾವುದು ಮೇಲು?

ಮೊದಲು ಎರಡೂ ಕಾಯ್ದೆಗಳನ್ನು ತಿದ್ದುಪಡಿ ಸಮೇತ ಓದಿ. ಇಲಾಖೆಯ ಸುತ್ತೋಲೆಯನ್ನೇ ಕಾಯ್ದೆ ಎಂದುಕೊಂಡು ಎಡವುವವರು ಬಹಳ.

ನಂತರ ಸಂವಿಧಾನದ ಏಳನೇ ಅನುಸೂಚಿ ತೆರೆಯಿರಿ; ಯಾವ ವಿಷಯಕ್ಕೆ ಕೇಂದ್ರ, ಯಾವುದಕ್ಕೆ ರಾಜ್ಯ ಕಾನೂನು ಮಾಡಬಹುದು ಎಂಬ ಪಟ್ಟಿಗಳು ಅಲ್ಲಿವೆ. ಭೂಮಿ ರಾಜ್ಯ ಪಟ್ಟಿಯ 18ನೇ ನಮೂದು. ಅರಣ್ಯವೂ ಹಿಂದೆ ರಾಜ್ಯದ್ದೇ. 42ನೇ ತಿದ್ದುಪಡಿ ಅದನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ, 17ಎ ನಮೂದಿಗೆ ಸಾಗಿಸಿತು. ಹೆಸರು ನೋಡಿ ಪಟ್ಟಿ ಹೇಳಬೇಡಿ, ಕಾಯ್ದೆಯ ತಿರುಳು ನೋಡಿ.

ಎರಡನ್ನೂ ಒಟ್ಟಿಗೆ ಪಾಲಿಸಲು ಬರುತ್ತದೆಯೇ? ಬಂದರೆ ಸಾಮಾನ್ಯವಾಗಿ ಘರ್ಷಣೆಯಿಲ್ಲ, ಎರಡೂ ಕಡೆ ಅನುಮತಿ ಪಡೆಯಬೇಕು ಅಷ್ಟೆ. ಆದರೆ ಆ ವಿಷಯದಲ್ಲಿ ತನ್ನ ಕಾನೂನೇ ಪೂರ್ಣ ಎಂಬುದು ಸಂಸತ್ತಿನ ಉದ್ದೇಶವಾಗಿದ್ದರೆ ರಾಜ್ಯದ್ದು ನಿಲ್ಲದು. 1980ರ ಕಾಯ್ದೆಯ 2ನೇ ಕಲಂ ಶುರುವಾಗುವುದೇ ‘ರಾಜ್ಯದಲ್ಲಿ ಜಾರಿಯಲ್ಲಿರುವ ಬೇರಾವುದೇ ಕಾನೂನಿನಲ್ಲಿ ಏನೇ ಇದ್ದರೂ’ ಎಂಬ ಅರ್ಥದ ಮಾತಿನಿಂದ. ಅಂದರೆ ಆ ಕಾಯ್ದೆ ಅನ್ವಯಿಸುವ ಅರಣ್ಯವಾದರೆ, ಕೇಂದ್ರದ ಪೂರ್ವಾನುಮೋದನೆ ಇಲ್ಲದೆ ಅರಣ್ಯೇತರ ಬಳಕೆಗೆ ರಾಜ್ಯ ಒಪ್ಪಿಗೆ ಕೊಡುವಂತಿಲ್ಲ. ಹಾಗಾಗಿ ವಾದಕ್ಕಿಂತ ಮೊದಲು ಆರ್‌ಟಿಸಿಯನ್ನೂ ಅರಣ್ಯ ದಾಖಲೆಯನ್ನೂ ತಾಳೆ ನೋಡಿ. ಯಾವ ಜಾಗಕ್ಕೆ ಕಾಯ್ದೆ ಅನ್ವಯ ಎಂಬುದು 2023ರಲ್ಲಿ ಸೇರಿದ 1ಎ ಕಲಂನಲ್ಲಿದೆ.

ಘರ್ಷಣೆ ನಿಜವೇ? ಸಮವರ್ತಿ ವಿಷಯದಲ್ಲಿ 254(1)ನೇ ವಿಧಿಯಂತೆ ಕೇಂದ್ರದ ಕಾನೂನೇ ಗೆಲ್ಲುತ್ತದೆ. ಒಂದು ಕಿಂಡಿ ಮಾತ್ರ ಉಂಟು, 254(2): ರಾಜ್ಯಪಾಲರು ವಿಧೇಯಕವನ್ನು ರಾಷ್ಟ್ರಪತಿಯ ಪರಿಶೀಲನೆಗೆಂದು ಕಾಯ್ದಿರಿಸಿ, ರಾಷ್ಟ್ರಪತಿಯ ಅಂಕಿತ ಸಿಕ್ಕಿದ್ದರೆ ಈ ರಾಜ್ಯದ ಮಟ್ಟಿಗೆ ರಾಜ್ಯದ ಕಾಯ್ದೆಯೇ ನಡೆಯುತ್ತದೆ. ಕಂಬಳ ಉಳಿದದ್ದು ಹೀಗೆ. ಪ್ರಾಣಿಹಿಂಸೆ ತಡೆ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಗೆ ಅಂಕಿತ ಬಿದ್ದಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂಕಿತದ ವಿವರ ರಾಜ್ಯಪತ್ರದಲ್ಲಿ ಸಿಗುತ್ತದೆ. ಅಂಕಿತ ಕೇಳುವಾಗ ಹೆಸರಿಸಿದ ಕೇಂದ್ರ ಕಾಯ್ದೆಗಳ ವಿರುದ್ಧ ಮಾತ್ರ ಈ ರಕ್ಷಣೆ. ಸಂಸತ್ತು ಆಮೇಲೆ ಹೊಸ ಕಾನೂನು ಮಾಡಿ ಅದನ್ನೂ ಮೀರಬಹುದು.

ತಹಶೀಲ್ದಾರರೋ ವೃಕ್ಷಾಧಿಕಾರಿಯೋ (1976ರ ಕಾಯ್ದೆಯಡಿ ಮರ ಕಡಿಯಲು ಅನುಮತಿ ಕೊಡುವವರು) ಇದನ್ನು ತೀರ್ಮಾನಿಸಲಾರರು. ಮಡಿಕೇರಿಯ ಸಿವಿಲ್ ನ್ಯಾಯಾಲಯವೂ ಕಾಯ್ದೆಯನ್ನು ರದ್ದು ಮಾಡುವಂತಿಲ್ಲ; ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 113ನೇ ಕಲಂನಡಿ ಆ ಪ್ರಶ್ನೆಯನ್ನು ಹೈಕೋರ್ಟಿಗೆ ಕಳಿಸಬೇಕು. ನೇರ ದಾರಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಕೊಡಗಿನವರಿಗೆ ಬೆಂಗಳೂರು ಪೀಠದಲ್ಲಿ. ‘ಇಡೀ ಕಾಯ್ದೆ ರದ್ದಾಗಲಿ’ ಎಂದು ಕೇಳಬೇಡಿ. ಬೀಳುವುದು ಘರ್ಷಣೆಯಾಗುವಷ್ಟು ಭಾಗ ಮಾತ್ರ, ಅರ್ಜಿಯಲ್ಲಿ ಆ ಕಲಂ ಸಂಖ್ಯೆಯನ್ನೇ ಬರೆಯಿರಿ.